ಅಪ್ಪನಿಗೆ ಶಬ್ದ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಕಿವಿಯೊಳಗೆ ಕೆಟ್ಟಿರುವುದು ಏನು?

ಬನಶಂಕರಿ ಸೆಕೆಂಡ್ ಸ್ಟೇಜ್:
ಅಪ್ಪನಿಗೆ ಎಪ್ಪತ್ತರ ಹತ್ತಿರ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ರೂಮಿನಿಂದಲೇ "ಏನದು?" ಎನ್ನುತ್ತಾರೆ. ಕೆಳಗೆ ಗೇಟು ತೆಗೆದರೂ ಗೊತ್ತಾಗುತ್ತದೆ. ಎದುರಿಗೇ ಕೂತು "ಸೊಪ್ಪು ತರಬೇಕಾ?" ಎಂದು ಕೇಳಿದರೆ ಮಾತ್ರ "ತುಪ್ಪ ಇದೆಯಲ್ಲ" ಎನ್ನುತ್ತಾರೆ. ಜೋರಾಗಿ ಹೇಳಿದರೆ ಸಿಟ್ಟು. "ಯಾಕೆ ಕಿರುಚ್ತೀಯಾ, ನಾನೇನು ಕಿವುಡನಾ?" ಅಮ್ಮನ ಪ್ರಕಾರ ಅವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ.

ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆವು. ಕಿವಿಗೆ ಲೈಟು ಬಿಟ್ಟು ನೋಡಿ "ಗುಗ್ಗೆ ಇಲ್ಲ, ತಮಟೆ ಚೆನ್ನಾಗಿದೆ, ವಯಸ್ಸಾಯ್ತಲ್ವಾ" ಎಂದು ಕಳಿಸಿದರು. ತಮಟೆ ಚೆನ್ನಾಗಿದ್ದರೆ ತೊಂದರೆ ಎಲ್ಲಿದೆ? ಮೆಲ್ಲಗೆ ಹೇಳಿದರೆ ತಿಳಿಯುವುದಿಲ್ಲ, ಜೋರಾಗಿ ಹೇಳಿದರೆ ತಡೆಯುವುದಿಲ್ಲ. ಎರಡೂ ಒಂದೇ ಕಿವಿಗೆ ಹೇಗೆ ಸಾಧ್ಯ?

ರಾತ್ರಿ ಪಾಳಿ:
ಅಮ್ಮ ಹೇಳಿದ್ದೇ ಸರಿ. ನಮ್ಮ ತಾತನಿಗೂ "ದುಡ್ಡು" ಅಂದರೆ ಮೂರು ಮನೆ ಆಚೆಯಿಂದ ಕೇಳಿಸುತ್ತದೆ.

ಚಾಮರಾಜಪೇಟೆ ಅಜ್ಜಿ ಮೊಮ್ಮಗ:
ಕೊಬ್ಬರಿ ಎಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಹಾಕಿ ಕಾಯಿಸಿ, ಬೆಚ್ಚಗಿರುವಾಗ ಎರಡು ತೊಟ್ಟು ಬಿಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ.

ಆಡಿಯಾಲಜಿ ಅಕ್ಕ:
ಎಣ್ಣೆ ಬೇಡಪ್ಪಾ. ತಮಟೆಯಲ್ಲಿ ಕಾಣದ ತೂತಿದ್ದರೆ ಅದು ನಡುಕಿವಿಗೆ ಇಳಿದು ಇನ್ನೊಂದು ರಗಳೆ. ಕಿವಿಯ ಚರ್ಮ ತಾನೇ ನಿಧಾನವಾಗಿ ಒಳಗಿಂದ ಹೊರಕ್ಕೆ ಸರಿಯುತ್ತದೆ, ಗುಗ್ಗೆಯನ್ನೂ ಹೊರಗೆ ತರುತ್ತದೆ. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಹಾಕುವವರು ಅದನ್ನು ಮತ್ತೆ ಒಳಕ್ಕೆ ತಳ್ಳುತ್ತಾರೆ, ಅಷ್ಟೇ.

ಈಗ ಬನಶಂಕರಿಯವರ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ. ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ಈಗ ಇಲ್ಲೇ ಬೆಂಗಳೂರಿನಲ್ಲಿ ಕೆಲಸ. ಇಂಥ ಅಪ್ಪಂದಿರು ದಿನಾ ಬರುತ್ತಾರೆ, ಜೊತೆಗೆ ಸಿಟ್ಟಾದ ಮಕ್ಕಳೂ ಬರುತ್ತಾರೆ.

ಡಾಕ್ಟರ್ ಲೈಟು ಬಿಟ್ಟು ನೋಡಿದ್ದು ತಮಟೆಯ ತನಕ. ಹೊರಗಿನ ತೂತಿನಿಂದ ಅಲ್ಲಿಗೆ ಸುಮಾರು ಎರಡೂವರೆ ಸೆಂಟಿಮೀಟರ್. ನಿಮ್ಮ ಅಪ್ಪನ ತೊಂದರೆ ಬಹುಶಃ ಅದರ ಆಚೆ ಇದೆ.

ಗಾಳಿಯ ಅದುರಾಟ ಬಂದು ತಮಟೆಗೆ ತಾಗುತ್ತದೆ. ತಮಟೆಗೆ ಅಂಟಿಕೊಂಡು ಮೂರು ಮೂಳೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪು ಸುಮಾರು 3 ಮಿಲಿಮೀಟರ್, ಇಡೀ ಮೈಯಲ್ಲಿ ಅದಕ್ಕಿಂತ ಚಿಕ್ಕ ಮೂಳೆ ಇಲ್ಲ. ಈ ಮೂಳೆಗಳ ಸಾಲು ಯಾಕೆ ಬೇಕು ಅಂದರೆ, ಒಳಕಿವಿಯಲ್ಲಿ ತುಂಬಿರುವುದು ನೀರಿನಂಥ ದ್ರವ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ನೀರಿಗೆ ಬಡಿದರೆ ಅದರ ಶಕ್ತಿಯಲ್ಲಿ ಹೆಚ್ಚುಕಡಿಮೆ 99.9% ವಾಪಸ್ ಹೋಗುತ್ತದೆ. ಬಾವಿಯಲ್ಲಿ ಮುಳುಗು ಹಾಕಿದಾಗ ಮೇಲಿನವರ ಮಾತು ಕೇಳಿಸದೆ ಇರುವುದು ಇದಕ್ಕೇ. ತಮಟೆಯ ವಿಸ್ತೀರ್ಣ ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ಜಾಸ್ತಿ. ಅಷ್ಟು ದೊಡ್ಡ ಜಾಗಕ್ಕೆ ಬಿದ್ದ ಬಲವೆಲ್ಲ ಈ ಪುಟ್ಟ ಪಾದಕ್ಕೆ ಬಂದು ಸೇರುತ್ತದೆ. ಮೂಳೆಗಳು ಸನ್ನೆಯಂತೆ ಮೀಟುವುದರಿಂದ ಇನ್ನೂ ಸ್ವಲ್ಪ ಏರುತ್ತದೆ. ಒಟ್ಟಿನಲ್ಲಿ ಒತ್ತಡ ಸುಮಾರು 22 ಪಟ್ಟು ಆಗುತ್ತದೆ. ಇಷ್ಟರ ತನಕ ನಿಮ್ಮ ಅಪ್ಪನದು ಸರಿಯಾಗಿಯೇ ಇರಬೇಕು.

ಮುಂದೆ ಕಾಕ್ಲಿಯಾ, ಒಳಕಿವಿಯಲ್ಲಿ ಶಬ್ದ ಹಿಡಿಯುವ ಭಾಗ. ಬಸವನಹುಳದ ಚಿಪ್ಪಿನ ಹಾಗೆ ಎರಡೂವರೆ ಸುತ್ತು. ಬಿಡಿಸಿ ಇಟ್ಟರೆ ಸುಮಾರು 35 ಮಿಲಿಮೀಟರ್. ಅದರ ಉದ್ದಕ್ಕೂ ಒಂದು ಪೊರೆ ಹಾಸಿದೆ. ಬುಡದಲ್ಲಿ ಅದು ಕಿರಿದು, ಬಿಗಿ. ತುದಿಯಲ್ಲಿ ಅಗಲ, ಸಡಿಲ. ಕೀರಲು ಶಬ್ದಕ್ಕೆ ಬುಡ ಅದುರುತ್ತದೆ, ದಪ್ಪ ಶಬ್ದಕ್ಕೆ ತುದಿ ಅದುರುತ್ತದೆ. ಹಂಗೆರಿಯ ಗೆಯಾರ್ಗ್ ಫಾನ್ ಬೆಕೆಸಿ ಸತ್ತವರ ಕಿವಿಗಳಲ್ಲಿ ಈ ಅಲೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1961ರಲ್ಲಿ ನೊಬೆಲ್ ಬಂತು.

ಬೆಕೆಸಿ ನೋಡಿದ ಅಲೆ ತುಂಬಾ ಮೊದ್ದಾಗಿತ್ತು. ಬದುಕಿರುವ ಕಿವಿ ಅದಕ್ಕಿಂತ ಎಷ್ಟೋ ಚುರುಕು. ಯಾಕೆಂದರೆ ಪೊರೆಯ ಮೇಲೆ ಕೂದಲ ಕೋಶಗಳಿವೆ, ಎರಡು ಜಾತಿ. ಒಳಸಾಲಿನವು ಸುಮಾರು 3,500. ಮೆದುಳಿಗೆ ಸುದ್ದಿ ಕಳಿಸುವ ಕೆಲಸ ಇವುಗಳದ್ದು. ಹೊರಸಾಲಿನವು ಸುಮಾರು 12,000. ಇವು ಶಬ್ದ ಬಂದಾಗ ತಾವೇ ಉದ್ದ ಗಿಡ್ಡ ಆಗುತ್ತವೆ, ಸೆಕೆಂಡಿಗೆ ಸಾವಿರಾರು ಸಲ. ಹಾಗೆ ಕುಣಿದು ಮೆಲ್ಲನೆಯ ಶಬ್ದವನ್ನು ಎತ್ತಿಕೊಡುತ್ತವೆ, ಜೋರು ಶಬ್ದವನ್ನು ಹಾಗೇ ಬಿಡುತ್ತವೆ. ಅಕ್ಕಪಕ್ಕದ ಎರಡು ಶಬ್ದಗಳನ್ನು ಬೇರೆ ಬೇರೆ ಮಾಡಿ ತೋರಿಸುವುದೂ ಇವೇ.

ವಯಸ್ಸಾದಾಗ, ಅಥವಾ ವರ್ಷಗಟ್ಟಲೆ ಗದ್ದಲದಲ್ಲಿ ಇದ್ದಾಗ, ಮೊದಲು ಹೋಗುವುದು ಸಾಮಾನ್ಯವಾಗಿ ಈ ಹೊರಸಾಲು. ಅದರಲ್ಲೂ ಬುಡದ ಕಡೆಯವು. ಈಗ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಎತ್ತಿಕೊಡುವವರು ಇಲ್ಲ, ಹಾಗಾಗಿ ಮೆಲ್ಲನೆ ಮಾತು ಕೇಳಿಸದು. ಜೋರು ಶಬ್ದಕ್ಕೆ ಇವುಗಳ ಸಹಾಯವೇ ಬೇಕಿರಲಿಲ್ಲ, ಹಾಗಾಗಿ ಅದು ಮೊದಲಿನಷ್ಟೇ ಜೋರಾಗಿ ಬಡಿಯುತ್ತದೆ. ನಡುವಿನ ಜಾಗ ಕಿರಿದಾಗಿದೆ. ನೀವು ದನಿ ಏರಿಸಿದಾಗ "ಕೇಳಿಸಲಿಲ್ಲ"ದಿಂದ "ಕಿರುಚಬೇಡ"ಕ್ಕೆ ಒಂದೇ ಹೆಜ್ಜೆ.

ರಾತ್ರಿ ಪಾಳಿಯವರ ಜೋಕಿನಲ್ಲೂ ಸ್ವಲ್ಪ ವಿಜ್ಞಾನ ಇದೆ. "ದುಡ್ಡು" ಎನ್ನುವಾಗ ದ, ಡ, ಉ ಎಲ್ಲ ಗಂಟಲು ನಡುಗಿಸಿ ಬರುವ ದಪ್ಪ ಶಬ್ದ. "ಸೊಪ್ಪು" ಶುರುವಾಗುವುದೇ ಸ ಇಂದ. ಸಕಾರದ ಶಕ್ತಿ ಹೆಚ್ಚಾಗಿ ಇರುವುದು 4000 ಹರ್ಟ್ಸ್‌ಗಿಂತ (ಸೆಕೆಂಡಿಗೆ 4000 ಅದುರಾಟ) ಮೇಲೆ, ಅಂದರೆ ಬುಡದವು ಹಿಡಿಯಬೇಕಾದ ಕೀರಲು ಶಬ್ದದಲ್ಲಿ. ಅಪ್ಪನಿಗೆ ಬರುವುದು "-ಒಪ್ಪು" ಮಾತ್ರ, ಮುಂದಿನ ಅಕ್ಷರವನ್ನು ಅವರೇ ಊಹಿಸಿಕೊಳ್ಳುತ್ತಾರೆ.

ರಾತ್ರಿ ಪಾಳಿ:
ತಾತನ ಮೇಲೆ ಇದ್ದ ಅನುಮಾನ ಸ್ವಲ್ಪ ಕಮ್ಮಿ ಆಯ್ತು. ಪೂರ್ತಿ ಅಲ್ಲ.

ಬನಶಂಕರಿ ಸೆಕೆಂಡ್ ಸ್ಟೇಜ್:
ಅಕ್ಕ, ಥ್ಯಾಂಕ್ಸ್. ಒಂದು ವಿಷಯ. ನಾನು ಜೋರಾಗಿ ಹೇಳಿದಾಗ ಸಕಾರವೂ ಜೋರಾಗುತ್ತದಲ್ವಾ? ಆಗ ಕೇಳಿಸಬೇಕಲ್ಲ?

ಆಡಿಯಾಲಜಿ ಅಕ್ಕ:
ಕೂಗಿ ನೋಡಿ. "ಸಾಲು" ಎಂದು ಕೂಗಿದರೆ ಏರುವುದು "ಆ". ಸ ಬಾಯಿಯ ಗಾಳಿ, ಅದು ಅಷ್ಟಾಗಿ ಏರುವುದಿಲ್ಲ. ಹಾಲು, ಸಾಲು, ಕಾಲು, ಪಾಲು ಎಲ್ಲಕ್ಕೂ "ಆಲು" ಒಂದೇ. ಕೂಗಿದಷ್ಟೂ ಅದೇ ಕಿವಿ ತುಂಬುತ್ತದೆ. ಹತ್ತಿರ ಬಂದು, ಮುಖ ತೋರಿಸಿ, ನಿಧಾನವಾಗಿ ಹೇಳಿ. ತುಟಿ ಕಂಡರೆ ಪ ಯಾವುದು, ಹ ಯಾವುದು ಅನ್ನುವುದಾದರೂ ಗೊತ್ತಾಗುತ್ತದೆ. ಒಂದು ಸಲ ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳಬೇಡಿ, ಬೇರೆ ಮಾತಿನಲ್ಲಿ ಹೇಳಿ. "ಸೊಪ್ಪು" ಬಿಟ್ಟು "ಮೆಂತ್ಯ, ದಂಟು ಏನಾದರೂ ತರಲಾ?" ಎನ್ನಿ.

ಪೀಣ್ಯ ಫಿಟ್ಟರ್:
ನಾನು ಪವರ್ ಪ್ರೆಸ್ ಇರುವ ಶೆಡ್‌ನಲ್ಲಿ ಕೆಲಸ ಮಾಡುವವನು. ಸಂಜೆ ಬಸ್ ಹತ್ತಿದಾಗ ಕಿವಿಯಲ್ಲಿ ಕುಂಯ್ ಅಂತಿರುತ್ತದೆ, ಬೆಳಗ್ಗೆ ಹೊತ್ತಿಗೆ ಹೋಗಿರುತ್ತದೆ. ಹಳಬರು "ಅಭ್ಯಾಸ ಆಗುತ್ತೆ ಬಿಡು" ಅನ್ನುತ್ತಾರೆ. ನಿಜಕ್ಕೂ ಮೊದಲಿನಷ್ಟು ತೊಂದರೆ ಅನ್ನಿಸುವುದಿಲ್ಲ. ಹತ್ತಿ ಇಟ್ಟುಕೊಳ್ಳುತ್ತೇನೆ. ಸಾಕಾ?

ಆಡಿಯಾಲಜಿ ಅಕ್ಕ:
ಫಿಟ್ಟರ್ ಅಣ್ಣ, ಸಾಲದು. ಹತ್ತಿ ಹೆಸರಿಗೆ ಮಾತ್ರ. "ಅಭ್ಯಾಸ" ಅಂದರೆ ಆ ಶಬ್ದ ಹಿಡಿಯುವ ಕೋಶಗಳು ಸುಸ್ತಾಗಿವೆ ಅಥವಾ ಸತ್ತಿವೆ ಎಂದರ್ಥ. ಕೋಳಿ, ಹಕ್ಕಿಗಳಲ್ಲಿ ಕೂದಲ ಕೋಶ ಮತ್ತೆ ಹುಟ್ಟುತ್ತದೆ. ನಮ್ಮಲ್ಲಿ ಸತ್ತದ್ದು ಸತ್ತಂತೆಯೇ.

ಬೆಳಗ್ಗೆ ಹೊತ್ತಿಗೆ ಸರಿ ಹೋದಂತೆ ಅನ್ನಿಸುವುದನ್ನೂ ನಂಬಬೇಡಿ. 2009ರಲ್ಲಿ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಇಲಿಗಳ ಮೇಲೆ ನೋಡಿದರು. ಗದ್ದಲದ ನಂತರ ಕೆಲವು ದಿನಕ್ಕೆ ಇಲಿಗಳ ಪರೀಕ್ಷೆ ನಾರ್ಮಲ್ ಬಂತು. ಒಳಗೆ ಕೋಶಗಳೂ ಇದ್ದವು. ಆದರೆ ಕೋಶ ಮತ್ತು ನರ ಕೂಡುವ ಗಂಟುಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೋಗಿದ್ದವು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ಎಂಬ ಚರ್ಚೆ ಇನ್ನೂ ನಡೆದಿದೆ. ನಾನಂತೂ ಆ ಇಲಿಗಳ ಜಾಗದಲ್ಲಿ ನಿಲ್ಲುವುದಿಲ್ಲ.

ಲೆಕ್ಕ ಹೀಗಿದೆ. ಪ್ರತಿ 3 ಡೆಸಿಬೆಲ್‌ಗೆ ಶಬ್ದದ ಶಕ್ತಿ ಎರಡು ಪಟ್ಟು. 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು ಅಂದರೆ 88ರಲ್ಲಿ 4 ಗಂಟೆ, 91ರಲ್ಲಿ 2, 100ರಲ್ಲಿ ಕಾಲು ಗಂಟೆ. ನಮ್ಮ ದೇಶದ ಕಾರ್ಖಾನೆ ನಿಯಮ 8 ಗಂಟೆಗೆ 90 ಎನ್ನುತ್ತದೆ. ನನ್ನ ಮಟ್ಟಿಗೆ ಅದು ಧಾರಾಳ ಆಯಿತು. ಗದ್ದಲದಿಂದ ಬಂದ ಕಿವುಡು ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆ. ಇದು ನಿಮ್ಮ ಸೂಪರ್‌ವೈಸರ್‌ಗೆ ಗೊತ್ತಿರಲಿ.

ಫೋಮ್ ಪ್ಲಗ್ ತಗೊಳ್ಳಿ, ದುಬಾರಿ ಏನಲ್ಲ. ಹಾಕುವ ರೀತಿ ಮುಖ್ಯ. ಕೈ ತೊಳೆದು ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿ ಹೊಸೆಯುವ ಹಾಗೆ ಸಣ್ಣಗೆ ಹೊಸೆಯಿರಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಪ್ಲಗ್ ಒಳಗೆ ಹಾಕಿ, ಅದು ಉಬ್ಬುವ ತನಕ ಬೆರಳಿಟ್ಟು ಹಿಡಿದುಕೊಳ್ಳಿ. ಸರಿಯಾಗಿ ಕೂತಿದ್ದರೆ ನಿಮ್ಮ ಮಾತು ನಿಮಗೇ ತಲೆಯೊಳಗೆ ಗುಂ ಎಂದು ಕೇಳಿಸುತ್ತದೆ. ಅರ್ಧ ಹೊರಗೆ ಇಣುಕುತ್ತಿದ್ದರೆ ಅದೂ ಹತ್ತಿಯೂ ಒಂದೇ.

ಪೀಣ್ಯ ಫಿಟ್ಟರ್:
ನಾವೆಲ್ಲ ಅರ್ಧ ಇಣುಕಿಸಿಕೊಂಡೇ ಓಡಾಡುವುದು. ನಾಳೆ ನೋಡುತ್ತೇನೆ. ಪಟಾಕಿಗೂ ಇದೇನಾ? ದೀಪಾವಳಿಗೆ ನಮ್ಮ ಬೀದಿ ಯುದ್ಧಭೂಮಿ.

ಆಡಿಯಾಲಜಿ ಅಕ್ಕ:
ಪಟಾಕಿ ಇನ್ನೂ ಕೆಟ್ಟದ್ದು. ರಿಕಾಪಿಗೆ ಒಂದು ಪುಟ್ಟ ಸ್ನಾಯು ಇದೆ. ಜೋರು ಶಬ್ದ ಬಂದಾಗ ಅದು ಮೂಳೆಯನ್ನು ಬಿಗಿ ಹಿಡಿದು ಸ್ವಲ್ಪ ತಡೆಯುತ್ತದೆ. ಆದರೆ ಬಿಗಿಯಲು ಅದಕ್ಕೆ ಒಂದು ಚೂರು ಸಮಯ ಬೇಕು. ಪಟಾಕಿ ಅಷ್ಟರಲ್ಲಿ ಸಿಡಿದು ಮುಗಿದಿರುತ್ತದೆ. ಕಾನೂನಿನ ಮಿತಿಯೇ 4 ಮೀಟರ್ ದೂರದಲ್ಲಿ 125 ಡೆಸಿಬೆಲ್. ಮಕ್ಕಳು ಕೈಯಳತೆಯಲ್ಲಿ ಹಚ್ಚುತ್ತಾರೆ.

ತನಿಯಾವರ್ತನ:
ಸಂಗೀತದ ಕಡೆಯಿಂದ ಒಂದು ಮಾತು. ಮೃದಂಗ ಕಲಿಯುತ್ತಿರುವವನು ನಾನು. ಸಾಮಾನ್ಯವಾಗಿ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ತಮಟೆ, ಡೋಲಿನಲ್ಲಿ ಶ್ರುತಿ ಸ್ಪಷ್ಟವಾಗಿ ಸಿಗುವುದಿಲ್ಲ. ಮೃದಂಗದ ಬಲಗಡೆ ಕರಣೆ (ನಡುವಿನ ಕರಿ ಲೇಪ) ಹಚ್ಚಿರುವುದರಿಂದ ಮೊದಲ ಐದು ಉಪಸ್ವರಗಳು ತಂತಿವಾದ್ಯದ ಹಾಗೆ 1, 2, 3, 4, 5ರ ಲೆಕ್ಕಕ್ಕೆ ಬಂದು ನಿಲ್ಲುತ್ತವೆ. ಸಿ.ವಿ. ರಾಮನ್ 1920ರಲ್ಲೇ ಇದರ ಬಗ್ಗೆ ಬರೆದಿದ್ದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇಲ್ಲಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ನನ್ನ ಪ್ರಶ್ನೆ: ಉಪಸ್ವರಗಳು ಲೆಕ್ಕಕ್ಕೆ ಕೂತರೆ ನಮಗೆ "ಶ್ರುತಿ" ಅನ್ನಿಸುವುದು ಯಾಕೆ? ಪೊರೆಯ ಮೇಲೆ ಐದು ಜಾಗ ಅದುರಿದರೆ ಐದು ಸ್ವರ ಕೇಳಿಸಬೇಕಲ್ವಾ?

ಆಡಿಯಾಲಜಿ ಅಕ್ಕ:
ಒಳ್ಳೇ ಪ್ರಶ್ನೆ. ಪೊರೆ ಬಿಡಿಸಿ ಕಳಿಸುತ್ತದೆ, ಕೂಡಿಸುವುದು ಮೆದುಳು. 200, 300, 400 ಹರ್ಟ್ಸ್ ಒಟ್ಟಿಗೆ ಬಂದರೆ ಮೆದುಳು "ಇದು 100ರ ಮನೆಯದ್ದು" ಎಂದು ತೀರ್ಮಾನಿಸುತ್ತದೆ. 100 ಅಲ್ಲಿ ಇಲ್ಲದೇ ಇದ್ದರೂ ಸರಿ. ಹಳೆಯ ಟೆಲಿಫೋನ್ ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್ ಮಾತ್ರ. ಗಂಡಸರ ದನಿಯ ಬುಡ 100-120ರ ಆಸುಪಾಸು. ಅಂದರೆ ಬುಡ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಮಾವನ ದನಿ ಹೆಂಗಸಿನ ದನಿಯಂತೆ ಯಾರಿಗೂ ಕೇಳಿಸಲಿಲ್ಲ.

ಒಳಕಿವಿಯಿಂದ ಹೊರಡುವ ನರದಲ್ಲಿ ಸುಮಾರು 30,000 ಎಳೆ. ಅವು ಮೆದುಳಿನ ಕಾಂಡದಲ್ಲಿ ಹಲವು ನಿಲ್ದಾಣ ಹಾದು, ಕಿವಿಯ ಮೇಲಿನ ಭಾಗಕ್ಕೆ ನೇರದಲ್ಲಿರುವ ಶ್ರವಣ ಭಾಗಕ್ಕೆ ಹೋಗುತ್ತವೆ. ಬೆರಾ ಪರೀಕ್ಷೆಯಲ್ಲಿ ತಲೆಗೆ ವೈರು ಅಂಟಿಸಿ ಕ್ಲಿಕ್ ಶಬ್ದ ಕೊಡುತ್ತೇವೆ. ಕ್ಲಿಕ್ ಆದ 10 ಮಿಲಿಸೆಕೆಂಡಿನೊಳಗೆ ಆ ನಿಲ್ದಾಣಗಳ ಅಲೆಗಳು ಒಂದರ ಹಿಂದೆ ಒಂದು ಕಾಗದದಲ್ಲಿ ಕಾಣಿಸುತ್ತವೆ. ಮಾತು ಬಾರದ ಕೂಸಿಗೂ ಹೀಗೆ ಪರೀಕ್ಷೆ ಮಾಡಬಹುದು.

ಕೂಸಿನ ಮಾತು ಬಂತು ಅಂತ ಹೇಳುತ್ತೇನೆ. 1978ರಲ್ಲಿ ಡೇವಿಡ್ ಕೆಂಪ್ ಎಂಬುವರು ಕಿವಿಯೇ ಸಣ್ಣಗೆ ಶಬ್ದ ಹೊರಡಿಸುತ್ತದೆ ಎಂದು ಮೈಕ್ ಇಟ್ಟು ತೋರಿಸಿದರು. ಹೊರಸಾಲಿನ ಕೋಶಗಳು ಕುಣಿಯುತ್ತವೆ ಎಂದೆನಲ್ಲ, ಅದರದ್ದೇ ಸದ್ದು. ಈಗ ಆಸ್ಪತ್ರೆಗಳಲ್ಲಿ ನವಜಾತ ಶಿಶುವಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಕೇಳುವುದು ಅದನ್ನೇ. ಮಗು ಮಲಗಿದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಪಾಪು ಬಂದಿದ್ದರೆ ಈ ಟೆಸ್ಟ್ ಆಯಿತಾ ಅಂತ ಕೇಳಿ.

ಹೆಬ್ಬಾಳ ಫ್ಲೈಓವರ್:
ನಡುವೆ ನನ್ನದೊಂದು. ನಂದಿ ಬೆಟ್ಟದಿಂದ ಇಳಿಯುವಾಗ ಕಿವಿ ಗಪ್ ಅಂತ ಮುಚ್ಚಿಕೊಳ್ಳುತ್ತದೆ, ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಇದಕ್ಕೂ ಒಳಕಿವಿಗೂ ಸಂಬಂಧ ಇದೆಯಾ?

ತನಿಯಾವರ್ತನ:
ಇದು ನನಗೂ ಗೊತ್ತು. ನಡುಕಿವಿಯಿಂದ ಗಂಟಲಿನ ಹಿಂಭಾಗಕ್ಕೆ ಯುಸ್ಟೇಶಿಯನ್ ನಳಿಕೆ ಇದೆ. ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ, ಆಗ ಒಳಗೂ ಹೊರಗೂ ಗಾಳಿಯ ಒತ್ತಡ ಸಮ ಆಗುತ್ತದೆ. ಒಳಕಿವಿಗೆ ಸಂಬಂಧವಿಲ್ಲ.

ಆಡಿಯಾಲಜಿ ಅಕ್ಕ:
ಸರಿ. ಮಕ್ಕಳಲ್ಲಿ ಆ ನಳಿಕೆ ಗಿಡ್ಡ, ಹೆಚ್ಚು ಅಡ್ಡಡ್ಡ. ಅದಕ್ಕೇ ನೆಗಡಿ ಆದರೆ ಕಿವಿ ಸೋರುವುದು ಅವರಲ್ಲಿ ಜಾಸ್ತಿ.

ಆದರೆ ಒಂದು ಎಚ್ಚರಿಕೆ ಎಲ್ಲರಿಗೂ. ಬೆಟ್ಟ, ವಿಮಾನ, ನೆಗಡಿ ಏನೂ ಇಲ್ಲದೆ ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮಂದ ಆಗಿದ್ದರೆ "ಗಾಳಿ ಹೊಕ್ಕಿದೆ" ಎಂದು ವಾರ ಕಾಯಬೇಡಿ. ಅದು ತುರ್ತು. ಅವತ್ತೇ ಇಎನ್‌ಟಿ ಹತ್ತಿರ ಹೋಗಿ. ಸ್ಟೀರಾಯ್ಡ್ ಬೇಗ ಶುರು ಮಾಡಿದಷ್ಟೂ ವಾಪಸ್ ಬರುವ ಅವಕಾಶ ಜಾಸ್ತಿ.

ಬನಶಂಕರಿ ಸೆಕೆಂಡ್ ಸ್ಟೇಜ್:
ಅಪ್‌ಡೇಟ್. ಅಪ್ಪನನ್ನು ಒಪ್ಪಿಸಿ ಆಡಿಯೋಗ್ರಾಂ ಮಾಡಿಸಿದೆವು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಶಬ್ದ ಬಂದಾಗ ಬಟನ್ ಒತ್ತಬೇಕು. ಬಲಗಿವಿ: 250 ಹರ್ಟ್ಸ್‌ಗೆ 20 ಡೆಸಿಬೆಲ್, 500ಕ್ಕೆ 20, 1000ಕ್ಕೆ 30, 2000ಕ್ಕೆ 45, 4000ಕ್ಕೆ 65, 8000ಕ್ಕೆ 75. ಎಡಗಿವಿಯೂ ಹೆಚ್ಚುಕಡಿಮೆ ಹಾಗೇ. ಕಿವಿಯ ಹಿಂದಿನ ಮೂಳೆಗೆ ಒತ್ತಿ ಇಟ್ಟು ಮಾಡಿದ್ದೂ ಅದೇ ಬಂತು.

ಆಡಿಯಾಲಜಿ ಅಕ್ಕ:
ಮೂಳೆಯ ಮೇಲೆ ಇಟ್ಟಾಗ ಶಬ್ದ ತಮಟೆ, ಮೂರು ಮೂಳೆ ದಾಟದೆ ನೇರ ಒಳಕಿವಿಗೆ ಹೋಗುತ್ತದೆ. ಎರಡೂ ದಾರಿಯಲ್ಲಿ ಒಂದೇ ನಷ್ಟ ಬಂದರೆ ಕೆಟ್ಟಿರುವುದು ಒಳಕಿವಿ ಅಥವಾ ನರ. ಈ ಡೆಸಿಬೆಲ್ ಅಂಕಿ ಅಂದರೆ ಶಬ್ದ ಎಷ್ಟು ಜೋರಾದರೆ ಅಪ್ಪನಿಗೆ ಕೇಳಿಸಲು ಶುರು ಎಂಬುದು. ಅಂಕಿ ದೊಡ್ಡದಾದಷ್ಟೂ ನಷ್ಟ ಜಾಸ್ತಿ, ಚಾರ್ಟಿನಲ್ಲಿ ಗೆರೆ ಅಷ್ಟು ಕೆಳಗೆ. ಎಡದ 250ರಿಂದ ಬಲದ 8000ಕ್ಕೆ ಇಳಿಜಾರು ನೋಡಿ. ಪಾತ್ರೆ ಬಿದ್ದ ಸದ್ದು, ಗೇಟಿನ ಸದ್ದು ಎಡಗಡೆ ಚೆನ್ನಾಗಿರುವ ಜಾಗದಲ್ಲೂ ಸಾಕಷ್ಟು ಇರುತ್ತದೆ, ಜೋರಾಗಿಯೂ ಇರುತ್ತದೆ. ಸ, ಶ, ಚ, ತ ಬಲಗಡೆ ಗುಂಡಿಗೆ ಬೀಳುತ್ತವೆ. ವಯಸ್ಸಿನದು ಹೀಗೆ ಇಳಿಯುತ್ತಾ ಹೋಗುತ್ತದೆ. ಪೀಣ್ಯ ಫಿಟ್ಟರ್ ಅಣ್ಣನಂಥವರಲ್ಲಿ ಸಾಮಾನ್ಯವಾಗಿ 4000ರ ಹತ್ತಿರ ಒಂದು ಹಳ್ಳ, 8000ಕ್ಕೆ ಮತ್ತೆ ಏರು. ಅಣ್ಣ, ನೀವೂ ಮಾಡಿಸಿ.

ಸುಮ್ನೆ ಕೇಳ್ತೀನಿ:
ಈಗ ಕಿವಿಗೆ ಮಿಷಿನ್ ಅಂತ ಶುರು ಆಗುತ್ತದೆ. ನಮ್ಮ ದೊಡ್ಡಪ್ಪನಿಗೆ ಒಂದು ಅಂಗಡಿಯವರು ಅರ್ಧ ಗಂಟೆಯಲ್ಲಿ ಮಾರಿ ಕಳಿಸಿದರು. ಬೆಲೆ ಕೇಳಬೇಡಿ. ಈಗ ಡ್ರಾಯರ್‌ನಲ್ಲಿದೆ. "ಫ್ಯಾನ್ ಸದ್ದು, ಚಮಚದ ಸದ್ದು ಎಲ್ಲ ತಲೆಗೆ ಹೊಡೆಯುತ್ತೆ" ಅನ್ನುತ್ತಾರೆ. ಮಿಷಿನ್ ಹಾಕಿದರೆ ಕಿವಿ ಸೋಮಾರಿ ಆಗುತ್ತದಂತಲ್ಲ?

ಆಡಿಯಾಲಜಿ ಅಕ್ಕ:
ಸೋಮಾರಿ ಆಗುವುದಿಲ್ಲ. ವರ್ಷಗಟ್ಟಲೆ ಕೇಳದೆ ಬಿಟ್ಟರೆ ಮೆದುಳಿಗೆ ಆ ಶಬ್ದಗಳ ರೂಢಿ ತಪ್ಪುತ್ತದೆ. ದೊಡ್ಡಪ್ಪನಿಗೆ ಚಮಚದ ಸದ್ದು ತಲೆಗೆ ಹೊಡೆದದ್ದು ಅದಕ್ಕೇ. ಮೊದಲ ಕೆಲವು ವಾರ ಕಡಿಮೆ ಇಟ್ಟು, ದಿನಾ ಸ್ವಲ್ಪ ಹೊತ್ತು ಹಾಕಿ, ಆಮೇಲೆ ಏರಿಸಬೇಕು. ಅರ್ಧ ಗಂಟೆಯಲ್ಲಿ ಮಾರಿದವರು ಇದನ್ನು ಮಾಡಿರಲಿಕ್ಕಿಲ್ಲ. ಎಲ್ಲಾ ಶಬ್ದವನ್ನೂ ಒಂದೇ ಸಮ ಏರಿಸುವ ಮಿಷಿನ್ ಆದರೆ ಅಪ್ಪನಂಥವರಿಗೆ ಹಿಂಸೆ. ಆಡಿಯೋಗ್ರಾಂ ನೋಡಿ, ಎಲ್ಲಿ ಬೇಕೋ ಅಲ್ಲಿ ಮಾತ್ರ, ಮೆಲ್ಲನೆಯದಕ್ಕೆ ಜಾಸ್ತಿ ಜೋರಿಗೆ ಕಮ್ಮಿ ಏರಿಸುವಂತೆ ಕೂಡಿಸಬೇಕು. ಆ ಮಿಷಿನ್ ತಗೊಂಡು ಹೋಗಿ ಒಬ್ಬ ಆಡಿಯಾಲಜಿಸ್ಟ್ ಹತ್ತಿರ ಮತ್ತೆ ಸೆಟ್ ಮಾಡಿಸಿ. ಮಿಷಿನ್ ಕೂದಲ ಕೋಶ ವಾಪಸ್ ತರುವುದಿಲ್ಲ, ಹೊಟೇಲಿನ ಗಲಾಟೆಯಲ್ಲಿ ಮೊದಲಿನಂತೆ ಕೇಳಿಸುವುದೂ ಇಲ್ಲ. ಮಾರುವವರು ಇದನ್ನು ಮೊದಲೇ ಹೇಳಿದರೆ ಅರ್ಧ ಡ್ರಾಯರ್‌ಗಳು ಖಾಲಿ ಇರುತ್ತವೆ.

ಬನಶಂಕರಿ ಸೆಕೆಂಡ್ ಸ್ಟೇಜ್:
ಒಂದು ಕಿವಿಗೆ ಸಾಕಾ, ಎರಡಕ್ಕೂ ಬೇಕಾ? ಖರ್ಚು ಯೋಚನೆ ಮಾಡಬೇಕಲ್ಲ.

ಆಡಿಯಾಲಜಿ ಅಕ್ಕ:
ಎರಡೂ ಸಮಸಮ ಮಂದ ಇದ್ದರೆ ಎರಡಕ್ಕೂ ಹಾಕುವುದೇ ಒಳ್ಳೆಯದು. ಬಲಗಡೆಯ ಹಾರ್ನ್ ಬಲಗಿವಿಗೆ ಮೊದಲು ತಲುಪುತ್ತದೆ. ವ್ಯತ್ಯಾಸ ಜಾಸ್ತಿ ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗ. ಮೆದುಳಿನ ಕಾಂಡ ಅಷ್ಟನ್ನೂ ಅಳೆದು ಬಸ್ ಯಾವ ಕಡೆಯಿಂದ ಬಂತು ಎಂದು ಹೇಳುತ್ತದೆ. ರಸ್ತೆ ದಾಟುವವರಿಗೆ, ಗುಂಪಿನಲ್ಲಿ ಮಾತಾಡುವವರಿಗೆ ಎರಡು ಕಿವಿಯ ಲೆಕ್ಕ ಬೇಕು. ಖರ್ಚು ಕಷ್ಟ ಆದರೆ ಒಂದರಿಂದ ಶುರು ಮಾಡಿ, ಆಮೇಲೆ ಇನ್ನೊಂದು. ಸರ್ಕಾರಿ ಸಂಸ್ಥೆಗಳಲ್ಲೂ ವಿಚಾರಿಸಿ, ನಿಮ್ಹಾನ್ಸ್‌ನಲ್ಲಿ ಈ ವಿಭಾಗ ಇದೆ.

ತನಿಯಾವರ್ತನ:
ಕೊನೆಗೊಂದು. ನಮ್ಮ ಗುರುಗಳು ಮಿಷಿನ್ ಹಾಕಿಕೊಂಡ ಮೇಲೆ ತಂಬೂರಿ "ನಡುಗುತ್ತೆ, ಅಪಶ್ರುತಿ" ಅನ್ನುತ್ತಾರೆ. ಕಛೇರಿಗೆ ಕೂತಾಗ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರ ಭ್ರಮೆಯಾ?

ಆಡಿಯಾಲಜಿ ಅಕ್ಕ:
ಭ್ರಮೆಯಲ್ಲ. ಮಿಷಿನ್ ಕುಂಯ್ ಎಂದು ಕೂಗದಂತೆ ತಡೆಯಲು ಒಳಗೆ ಒಂದು ವ್ಯವಸ್ಥೆ ಇರುತ್ತದೆ. ಒಂದೇ ಸಮನೆ ಎಳೆದ ಸ್ವರ ಬಂದರೆ ಅದು ತನ್ನದೇ ಕೂಗು ಎಂದುಕೊಂಡು ಅಳಿಸಲು ಹೋಗುತ್ತದೆ. ತಂಬೂರಿ, ಕೊಳಲು ಅದಕ್ಕೆ ಸಿಕ್ಕಿಬೀಳುತ್ತವೆ. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ, ಅದರಲ್ಲಿ ಆ ವ್ಯವಸ್ಥೆಯನ್ನೂ ಗದ್ದಲ ಕಡಿಮೆ ಮಾಡುವುದನ್ನೂ ಆಫ್ ಅಥವಾ ಕನಿಷ್ಠಕ್ಕೆ ಇಡಿ ಎಂದು ಕೇಳಿ. ಹೋಗುವಾಗ ಗುರುಗಳು ತಂಬೂರಿ ಶ್ರುತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತೆಗೆದುಕೊಂಡು ಹೋಗಲಿ, ಅಲ್ಲೇ ಹಾಕಿ ಕೇಳಿ ಸರಿ ಮಾಡಿಸಬಹುದು.